ಅಜ್ಜಿ ಪಂಪು ಮೇಲೆ ಬರುವ ಮುನ್ನ

ಸೋಮವಾರ ಗಣಿಯ ಹಳೇ ಪಂಪನ್ನು ಮೇಲಕ್ಕೆತ್ತಿ ಊರಿನ ಚೌಕದಲ್ಲಿ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂದಾಗ ನಾನು ಕಾರ್ಖಾನೆಯಲ್ಲಿ ಮೀನು ಸೀಳುತ್ತಿದ್ದೆ. ಪಕ್ಕದಲ್ಲಿದ್ದ ಒತಿಲಿಯಾ, ಕಬ್ಬಿಣಕ್ಕೆ ಬಣ್ಣ ಬಳಿದು ಹಾರ ಹಾಕುತ್ತಾರಂತೆ, ಬದುಕಿರುವ ಗಣಿಗಾರರಿಗೆ ಒಂದು ಲೋಟ ಚಹಾಕ್ಕೂ ಗತಿಯಿಲ್ಲ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಪಂಪು ನಿಂತರೆ ಸುರಂಗ ಮುಳುಗುತ್ತದೆ. ಸುರಂಗದ ಕೊನೆಯ ಗೋಡೆಯ ಆಚೆ ನನ್ನ ಗಂಡ ರೊಸಮೆಲ್ ಇದ್ದಾನೆ.

ನಮ್ಮ ಕಲ್ಲಿದ್ದಲ ಗಣಿ ಸಮುದ್ರದ ತಳದ ಕೆಳಗೆ ಚಾಚಿಕೊಂಡಿತ್ತು. ಅದು ಮುಚ್ಚುವ ಹಿಂದಿನ ವರ್ಷ ಛಾವಣಿ ಕುಸಿದು ಅವನು ಒಳಗೇ ಉಳಿದ. ಸಮುದ್ರ ನುಗ್ಗೀತೆಂದು, ಮಿಕ್ಕವರನ್ನು ಕಾಪಾಡಲು ಅಲ್ಲಿ ಅಡ್ಡಗೋಡೆ ಎಬ್ಬಿಸಿದರು. ಗಣಿ ಮುಚ್ಚಿದ ಮೇಲೂ, ನೋಡಲು ಬರುವವರಿಗೆಂದು ಆ ಒಂದು ಸುರಂಗವನ್ನು ಉಳಿಸಿಕೊಂಡರು. ಅದನ್ನು ಉಳಿಸಿದ್ದು ಅಜ್ಜನ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಬಂದ ಪಂಪು. ಊರವರ ಬಾಯಲ್ಲಿ ಅದು ಅಜ್ಜಿ. ಅದಕ್ಕೆ ಎಣ್ಣೆ ಹಾಕಿ ಸಾಕಿದವರು, ಊರೆಲ್ಲ ಗೌರವದಿಂದ ದೋನ್ ಎಂದು ಕರೆಯುವ ದೋನ್ ಎಲಿಯೊದೊರೊ, ಗೋಡೆ ಕಟ್ಟಿದವರಲ್ಲೂ ಒಬ್ಬರು.

ಹೊರಗಿನ ಹೆಂಗಸರು ಗಣಿ ನೋಡಿಕೊಂಡು ಹೋಗುತ್ತಾರೆ, ಅವರ ಮಾತು ಬೇರೆ. ಗಣಿಗಾರನ ಹೆಂಡತಿ ಇಳಿದರೆ ಗಣಿ ಮುನಿದು ಯಾರನ್ನಾದರೂ ಎಳೆದುಕೊಳ್ಳುತ್ತದೆ. ಅದಕ್ಕೇ ಮಗಳು ಯಸ್ನಾಳನ್ನು ಸೊಂಟದಲ್ಲಿ ಕೂರಿಸಿಕೊಂಡು ಗಣಿಯ ಬಾಯಿಯ ಹತ್ತಿರವೇ ನಿಂತಿರುತ್ತಿದ್ದೆ. ದೋನ್ ಎಲಿಯೊದೊರೊ ಕೈ ಒರೆಸಿಕೊಳ್ಳುತ್ತ ಮೇಲೆ ಬಂದು, ಗೋಡೆ ಒಣಗಿಯೇ ಇದೆ, ಆಚೆಗೆ ಸಮುದ್ರ ನುಗ್ಗಿಲ್ಲ ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ಈ ಊರಿನಲ್ಲಿ ಉಳಿದೆ. ಅಕ್ಕ ಉತ್ತರಕ್ಕೆ ಬಾ ಎಂದು ಕರೆದು ಕರೆದು ಸುಮ್ಮನಾದಳು. ಸ್ಮಶಾನದ ಗೋಡೆಯಲ್ಲಿ ರೊಸಮೆಲ್‌ನ ಶವಪೆಟ್ಟಿಗೆಗೆಂದು ಬಿಟ್ಟ ಗೂಡು ಇನ್ನೂ ಬರಿದಾಗಿದೆ.

ಪಂಪು ಎತ್ತುವ ಮುಂಚೆ ಗೋಡೆ ಒಡೆದು ಮೂಳೆಯಾದರೂ ಕೊಡಿ ಎಂದು ಪುರಸಭೆಯ ಎಂಜಿನಿಯರನ ಕಾಲು ಹಿಡಿದೆ. ಆಚೆ ಬರೀ ನೀರು, ಒಡೆದರೆ ಒಬ್ಬರೂ ಉಳಿಯುವುದಿಲ್ಲ ಎಂದ. ನಾಲ್ಕು ಜನರೆದುರು ಅವನನ್ನು ಸುಳ್ಳುಗಾರ ಎಂದು ಬೈದು ಬಂದೆ.

ಶನಿವಾರ ಗಣಿಯ ಬಾಯಲ್ಲಿ ದೋನ್ ಎಲಿಯೊದೊರೊ ಎರಡೂ ತೋಳು ಚಾಚಿ ಅಡ್ಡ ನಿಂತರು.

"ನೀನು ಇಳಿಯೋ ಹಾಗಿಲ್ಲ, ಮಗಳೇ. ಗಣಿ ಯಾರನ್ನಾದ್ರೂ ತಗೊಳ್ಳುತ್ತೆ."

"ತಗೊಳ್ಳೋಕೆ ಇನ್ಯಾರಿದ್ದಾರೆ? ನೀವೊಬ್ರು. ನೀವು ಗಣಿಗೂ ಬೇಡ."

ಅವರು ತೋಳು ಇಳಿಸಿದರು.

ಕೆಳಗೆ ಅಜ್ಜಿ ಏದುಸಿರು ಬಿಡುತ್ತಿದ್ದಳು. ಗೋಡೆಯ ಹತ್ತಿರ ಬಂದಾಗ ಅವರು ದೀಪವನ್ನು ನೆಲದ ಕಡೆಗೇ ಹಿಡಿದಿದ್ದರು. ನಾನು ಕಸಿದುಕೊಂಡು ಎತ್ತಿದೆ. ಗೋಡೆಯ ಮೈಯೆಲ್ಲ ಬೆವರುತ್ತಿತ್ತು. ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು.

"ಯಾವಾಗಿಂದ?"

"ಮೊದಲ್ನೇ ಚಳಿಗಾಲದಿಂದ್ಲೇ. ನೀನು ಮಗು ಎತ್ಕೊಂಡು ನಿಂತಿರ್ತಿದ್ದೆ. ನಾಳೆ ಹೇಳೋಣ ಅಂದ್ಕೊಳ್ತಿದ್ದೆ."

ಮೂಲೆಯಲ್ಲಿದ್ದ ಹಾರೆ ತೆಗೆದು ಗೋಡೆಗೆ ಹೊಡೆದೆ. ತೋಳು ಸೋಲುವವರೆಗೆ ಹೊಡೆದೆ. ಅವರು ತಡೆಯಲಿಲ್ಲ, ಓಡಲಿಲ್ಲ, ಪಕ್ಕದಲ್ಲೇ ನಿಂತಿದ್ದರು. ಗೋಡೆಯ ಮೇಲೆ ಬಿದ್ದದ್ದು ಬಿಳಿ ಗೀರುಗಳು ಮಾತ್ರ.

"ಎಷ್ಟು ಗಟ್ಟಿ ಕಟ್ಟಿದ್ದೀರಿ," ಎಂದೆ.

"ರೊಸಮೆಲ್ ಈಚೆ ಕಡೆ ಇದ್ದಿದ್ರೆ ಅವನೂ ಹೀಗೇ ಕಟ್ತಿದ್ದ."

ವಾಪಸು ಬರುವಾಗ ಪಂಪಿನ ಮುಂದೆ ನಿಂತೆ. ಯಾವ ಸನ್ನೆಗೋಲು ಎಳೆದರೆ ನಿಲ್ಲುತ್ತದೆ ಎಂದು ಕೇಳಿದೆ. ಸೋಮವಾರ ಪುರಸಭೆಯವರೇ ಬಂದು ನಿಲ್ಲಿಸುತ್ತಾರೆ, ನಿನಗ್ಯಾಕೆ ಎಂದರು. ಅವರ ಕೈಯಿಂದ ಬೇಡ, ನಾನೇ ನಿಲ್ಲಿಸುತ್ತೇನೆ ಎಂದೆ. ದೋನ್ ಎಲಿಯೊದೊರೊ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಸನ್ನೆಗೋಲಿನ ಮೇಲಿಟ್ಟರು.

ಅಜ್ಜಿ ಎರಡು ಸಲ ನರಳಿ ನಿಂತಳು. ಆಗ ಕೇಳಿಸಿತು, ಸುತ್ತಲೂ ತೊಟ್ಟಿಕ್ಕುವ ನೀರು. ದೋನ್ ಎಲಿಯೊದೊರೊ ಬಿಸಿ ಆರದ ಕಬ್ಬಿಣಕ್ಕೆ ಅಂಗೈ ಒತ್ತಿಕೊಂಡು ನಿಂತುಬಿಟ್ಟರು. ನಡೀರಿ ಎಂದರೂ ಕದಲಲಿಲ್ಲ. ತೋಳು ಹಿಡಿದು ಎಳೆದುಕೊಂಡೇ ಮೇಲೆ ಹತ್ತಿಸಬೇಕಾಯಿತು.