ಅವನ ಸಹಿಯ ಪ್ಯಾರಾಚೂಟುಗಳು

ಪ್ಯಾರಾಚೂಟ್ ಮಡಿಸುವ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಇಸ್ತ್ರಿಯಣ್ಣ ಎನ್ನುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರಡಿ, ದಾರಗಳನ್ನು ಒಂದೊಂದಾಗಿ ಬಿಡಿಸಿ, ಅವನು ಮಡಿಕೆ ಹಾಕುತ್ತಾ ಹೋದರೆ ಸುಕ್ಕು ಎಂಬುದು ಆ ಕಡೆ ತಲೆಹಾಕುತ್ತಿರಲಿಲ್ಲ. ಮುಗಿದ ಮೇಲೆ ಚೀಲದ ಜೇಬಿನ ಚೀಟಿಯಲ್ಲಿ ಒಂದು ಸಹಿ. ಇದನ್ನು ಬೆನ್ನಿಗೆ ಕಟ್ಟಿಕೊಂಡು ಹಾರುವವನ ಜೀವಕ್ಕೆ ನಾನು ಜವಾಬ್ದಾರ ಎಂದು ಅದರ ಅರ್ಥ. ಹದಿನಾಲ್ಕು ವರ್ಷ ಏಳು ತಿಂಗಳು ಸೈನ್ಯದಲ್ಲಿ ಅವನು ಮಾಡಿದ್ದು ಇದೊಂದೇ ಕೆಲಸ. ಹದಿನೈದು ತುಂಬಿದರೆ ಸಾಯುವವರೆಗೆ ಪಿಂಚಣಿ. ಒಂದು ದಿನ ಕಡಿಮೆಯಾದರೂ ಕೈಗೊಂದಿಷ್ಟು ದುಡ್ಡು ತುರುಕಿ ಗೇಟಿನವರೆಗೆ ಬಿಟ್ಟುಬರುತ್ತಾರೆ.

ಉಳಿದ ಐದು ತಿಂಗಳಿಗೆ ಅಡ್ಡಗಾಲು ಹಾಕಿದ್ದು ಅರೆತಲೆನೋವು. ಬಂತೆಂದರೆ ಮೊದಲು ಎಡಗಡೆ ಕಾಣುವುದೆಲ್ಲ ಅಳಿಸಿಹೋಗುವುದು, ಆಮೇಲೆ ವಾಂತಿ, ಆಮೇಲೆ ತಲೆಯ ಒಂದು ಪಾಲು ಸಿಡಿದೇಹೋಗುವಂಥ ನೋವು. ತಲೆನೋವೂ ಒಂದು ಕಾಯಿಲೆಯೇ ಎಂದು ಮೂಗು ಮುರಿಯುವವರಿಗೆ ಅದು ಒಂದೇ ಒಂದು ಸಲ ಬರಬೇಕು.

ಅಂಥ ದಿನ ಅವನು ಮೇಜು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದು, ಗೋದಾಮಿನ ಮೂಲೆಯಲ್ಲಿ ಕಣ್ಣಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಬಿದ್ದಿರುತ್ತಿದ್ದ. ಅವನ ಪಾಲಿನ ಏಳು ಪ್ಯಾರಾಚೂಟುಗಳನ್ನು ಪಕ್ಕದ ಮೇಜಿನ ಗುಂಡ ಮಡಿಸುತ್ತಿದ್ದ. ಸಂಜೆ ಎದ್ದುಬಂದು ಇವನು ಸಹಿ ಹಾಕುತ್ತಿದ್ದ. ತಪ್ಪೇ, ದೊಡ್ಡ ತಪ್ಪೇ. ಆದರೆ ಅಷ್ಟು ಸಲವೂ ರಜೆ ಹಾಕಿದ್ದರೆ ಎಂದೋ ಮನೆಗೆ ಕಳಿಸುತ್ತಿದ್ದರು. "ನೀನು ಬಿದ್ಕೋ ಅಣ್ಣಾ, ನಾನಿದೀನಲ್ಲ," ಎನ್ನುತ್ತಿದ್ದ ಗುಂಡ. ಅವನದೂ ಪಳಗಿದ ಕೈ. ಅವನಿಗೆ ಇನ್ನೂ ಆರು ವರ್ಷ ಸರ್ವಿಸ್ ಇತ್ತು, ಮನೆಯಲ್ಲಿ ಮೂರು ಮಕ್ಕಳು.

ಕೊನೆಗೊಂದು ಬೆಳಿಗ್ಗೆ ಕವಾಯತಿನ ಸಾಲಿನಲ್ಲೇ ಇಸ್ತ್ರಿಯಣ್ಣ ಕುಸಿದುಬಿದ್ದ. ಮೆಡಿಕಲ್ ಬೋರ್ಡಿನಿಂದ ಕರೆ ಬಂತು. ಆ ದಿನ ಹೆಂಡತಿಯೂ ಗೇಟಿನವರೆಗೆ ಜೊತೆಗೆ ಬಂದಳು. ಗುಂಡನ ವಿಷಯ ಅವಳಿಗೆ ಗೊತ್ತಿತ್ತು. "ಊರವರ ಯೋಚ್ನೆ ಸಾಕು ರೀ. ಇವತ್ತೊಂದಿನ ನಮ್ಮ ಬಗ್ಗೆ ಯೋಚ್ನೆ ಮಾಡಿ," ಎಂದು ಕಾಲರ್ ಸರಿಮಾಡಿ ಕಳಿಸಿದಳು.

ಡಾಕ್ಟರಮ್ಮ ಒಳ್ಳೆಯವಳು. "ಇನ್ನೈದು ತಿಂಗಳು ತಾನೇ? ಟೆಲಿಫೋನ್ ಹತ್ರ ಕೂರ್ಲಿ ಬಿಡಿ. ಹಾಗೇ ಬರೀತೀನಿ," ಎಂದು ಪೆನ್ನು ತೆಗೆದಳು. ಇಸ್ತ್ರಿಯಣ್ಣನಿಗೆ ಹೋದ ಜೀವ ಬಂದಂತಾಯಿತು.

"ಒಂದ್ನಿಮಿಷ," ಎಂದ ಪಕ್ಕದಲ್ಲಿ ಕೂತಿದ್ದ ಶೆಡ್ಡಿನ ಅಧಿಕಾರಿ. ಅವನ ಮುಂದೆ ಎರಡು ರಿಜಿಸ್ಟರು ತೆರೆದಿದ್ದವು, ಒಂದು ಆಸ್ಪತ್ರೆಯದು, ಒಂದು ಶೆಡ್ಡಿನದು. "ಒಂಬತ್ತು ಗಂಟೆಗೆ ಇಂಜೆಕ್ಷನ್. ಕಣ್ಣು ಕಾಣ್ತಿಲ್ಲ ಅಂತ ನೀನೇ ಹೇಳಿದೀಯ. ಅದೇ ದಿನ ಏಳು ಪ್ಯಾರಾಚೂಟಿಗೆ ನಿನ್ನ ಸಹಿ. ಹೀಗೆ ಹನ್ನೊಂದು ದಿನ ಇದೆ. ಯಾರು ಮಡಿಸಿದ್ದು?"

ಇಸ್ತ್ರಿಯಣ್ಣ ರಿಜಿಸ್ಟರಿನಲ್ಲಿದ್ದ ತನ್ನ ಸಹಿಗಳನ್ನೇ ನೋಡಿದ.

"ಬೇರೆಯವ್ರು ಮಡಿಸಿದ್ರೆ ಹೇಳ್ಬಿಡು. ನೀನು ಕಾಯಿಲೆಯವನು, ಬೈದು ಬಿಟ್ಬಿಡ್ತೀನಿ. ಟೆಲಿಫೋನ್ ಕೆಲಸ ನಿಂದೇ. ಇನ್ನೊಬ್ಬನ ಹೆಸರಲ್ಲಿ ಮಡಿಸಿದೋನು ಮಾತ್ರ ಮನೆಗೆ ಹೋಗ್ತಾನೆ. ಇಲ್ಲ, ಕಣ್ಣು ಕಾಣದೆ ನೀನೇ ಮಡಿಸಿದೀಯ ಅಂದ್ರೆ, ಇವತ್ತೇ ನೀನು ಮನೆಗೆ."

ಬಾಯಿಬಿಟ್ಟರೆ ಒಂದು ಹೆಸರು, ಎರಡೇ ಅಕ್ಷರ. ಹೆಂಡತಿ ಕಾಲರ್ ಸರಿಮಾಡಿದ್ದು ನೆನಪಾಯಿತು. ಗುಂಡನ ಮೂರು ಮಕ್ಕಳೂ ನೆನಪಾದವು.

"ನಾನೇ ಸರ್," ಎಂದ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. "ಎಷ್ಟು ಜನರ ಪ್ರಾಣ ರೀ!" ಎಂದಳು. ಮತ್ತೆ ಅವನ ಮುಖ ನೋಡಲಿಲ್ಲ.

ಮಧ್ಯಾಹ್ನದೊಳಗೆ ಅವನ ಸಹಿಯಿದ್ದ ಪ್ಯಾರಾಚೂಟುಗಳನ್ನೆಲ್ಲ ಬಿಚ್ಚಿ ನೋಡಬೇಕೆಂದು ಆರ್ಡರಾಯಿತು. ಬೀಗದ ಕೈ ಒಪ್ಪಿಸಲು ಅವನು ಶೆಡ್ಡಿಗೆ ಹೋದಾಗ ಹಾರುವ ಹುಡುಗರೆಲ್ಲ ಅಲ್ಲೇ ಸೇರಿ ಕೆಂಡಾಮಂಡಲವಾಗಿದ್ದರು. ಗುಂಡ ಬಾಗಿಲಿಗೆ ಬೆನ್ನು ಹಾಕಿ ಒಂದು ಚೀಲ ಬಿಚ್ಚುತ್ತಿದ್ದ. ಅದು ಗುಂಡನೇ ಮಡಿಸಿದ್ದು, ಇಸ್ತ್ರಿಯಣ್ಣನಿಗೆ ದೂರದಿಂದಲೇ ಗುರುತು ಸಿಕ್ಕಿತು. ಮಡಿಕೆಯಲ್ಲಿ ಒಂದು ಕೂದಲೆಳೆಯಷ್ಟೂ ಲೋಪವಿರಲಿಲ್ಲ.

"ಪಕ್ಕದ ಮೇಜಲ್ಲೇ ಇದ್ಯಲ್ಲೋ, ನಿಂಗೂ ಗೊತ್ತಾಗ್ಲಿಲ್ವಾ?" ಎಂದು ಒಬ್ಬ ಗುಂಡನ ಮೇಲೆ ಹರಿಹಾಯ್ದ.

"ನಾನೆಲ್ಲಿ ನೋಡ್ಲಿ? ಅಣ್ಣ ಅಣ್ಣ ಅಂತ ನಂಬಿದ್ವಿ. ಇಂಥೋನು ಅಂತ ಯಾರಿಗ್ಗೊತ್ತಿತ್ತು!" ಎಂದ ಗುಂಡ.

ತಿರುಗಿದವನಿಗೆ ಬಾಗಿಲಲ್ಲಿ ನಿಂತ ಇಸ್ತ್ರಿಯಣ್ಣ ಕಂಡ. ಗುಂಡನ ಮುಖ ಹುಳ್ಳಗಾಯಿತು, ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಹೆದರಿದವನ ಬಾಯಲ್ಲಿ ಬಂದದ್ದು, ಕ್ಷಮಿಸಬಹುದು ಎನ್ನುವವರು ಕ್ಷಮಿಸಲಿ. ಈ ಕಥೆ ಹೇಳುತ್ತಿರುವ ನನ್ನ ಕೈಲಂತೂ ಆಗದು. ಇಸ್ತ್ರಿಯಣ್ಣ ಈಗಲೂ ಹೇಳಬಹುದಿತ್ತು, ಅಧಿಕಾರಿ ಹತ್ತು ಹೆಜ್ಜೆ ದೂರದಲ್ಲೇ ಇದ್ದ. ಹಲ್ಲು ಕಚ್ಚಿಕೊಂಡು ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ಬಂದ.

ಗೇಟಿನ ಬೆಂಚಿನ ಮೇಲಿದ್ದ ಹೆಂಡತಿ ಅವನ ಮುಖ ನೋಡಿಯೇ ತಿಳಿದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು ಆಮೇಲೆ ಕೇಳಿದಳು:

"ಗುಂಡನಿಗೆ ಗೊತ್ತಾಯ್ತಾ, ಅವನಿಗೋಸ್ಕರ ನೀವು ಹೀಗೆ ಮಾಡಿದ್ದು?"

"ಹೂಂ."

"ಏನಂದ?"

ಇಸ್ತ್ರಿಯಣ್ಣ ಅವಳ ಕೈಯಿಂದ ಚೀಲ ತೆಗೆದುಕೊಂಡ. "ಕೈ ಹಿಡ್ಕೊಂಡು ಅತ್ತ," ಎಂದ.

"ಹೋಗ್ಲಿ," ಎಂದಳು ಅವಳು, ಏಳುತ್ತಾ. "ಅಷ್ಟಾದ್ರೂ ಮಾಡಿದ್ನಲ್ಲ."