ಬೋಲ್ಟಿನ ಮೇಲೊಂದು ಕೆಂಪು ಗೆರೆ

ನಮ್ಮ ಯಜಮಾನರಿಗೆ ಅನುಮಾನ ಹುಟ್ಟುಗುಣ. ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡುತ್ತಾರೆ, ಬೀದಿಯ ತಿರುವಿನವರೆಗೆ ಹೋದವರು ವಾಪಸು ಬಂದು ಮತ್ತೆ ಜಗ್ಗುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಾನು ಕೈಚೆಲ್ಲಿ ವರ್ಷಗಳಾದವು. ಅಂಥವರ ಕಣ್ಣೆದುರಿಗೇ ಭಾನುವಾರ ಅಳಿಯ ಕಾರಿನ ಬಾನೆಟ್ ಎತ್ತಿದ. ಅಳಿಯ ದರ್ಜಿ. ಇವರೋ ಲಾರಿ ರಿಪೇರಿಯಲ್ಲೇ ತಲೆ ಹಣ್ಣಾದವರು. ಡಾಕ್ಟರು ಬಗ್ಗಬೇಡಿ ಎಂದಿದ್ದರಿಂದ ಸ್ಟೂಲ್ ಹಾಕಿಕೊಂಡು ಕಾವಲು ಕುಳಿತರು.

ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಪೈಪು ಒಸರುತ್ತಿತ್ತು. ಆ ಎಣ್ಣೆ ಕಾದ ಕಬ್ಬಿಣದ ಮೇಲೆ ಸುರಿದರೆ ಬೆಂಕಿಯೇ ಹತ್ತಬಹುದಂತೆ. ಮರುದಿನ ಬೆಳಿಗ್ಗೆ ಮಗಳು ಅದೇ ಕಾರಿನಲ್ಲಿ ಒಬ್ಬಳೇ ಗುಡ್ಡ ದಾಟಿ ಹೊಸ ಕೆಲಸಕ್ಕೆ ಹೋಗಬೇಕಿತ್ತು.

ಅಳಿಯ ಹೊಸ ಪೈಪು ಕೂರಿಸಿ, ಅದನ್ನು ಹಿಡಿದಿಡುವ ಹೊಸ ಬೋಲ್ಟಿನ ತಲೆಯ ಕೆಳಗೊಂದು, ಪೈಪಿನ ಕೆಳಗೊಂದು ತಾಮ್ರದ ವಾಷರ್ ಇಟ್ಟ. ಎಲ್ಲಿಂದಲೋ ತಂದಿದ್ದ ಅಳತೆಯ ಸ್ಪ್ಯಾನರಿನಿಂದ ತಿರುಗಿಸಿ, ಬಿಗಿ ಸಾಕೆಂದು ಅದು ಕ್ಲಿಕ್ ಎಂದ ಕೂಡಲೇ ನಿಲ್ಲಿಸಿದ.

“ಅಷ್ಟೇನಾ?” ಎಂದರು ಇವರು.

“ಅಷ್ಟೇ ಮಾವ. ಒಳಗೆ ಟೊಳ್ಳಿರೋ ಬೋಲ್ಟು ಇದು. ಜಾಸ್ತಿ ಬಿಗಿ ಮಾಡ್ಬಾರ್ದು.”

“ಹಳೇ ವಾಷರ್ ಒಂದೇ ಕಾಣ್ತಿದೆಯಲ್ಲ ಅಳಿಯಂದ್ರೇ. ಇನ್ನೊಂದನ್ನ ವಾಪಸ್ ಒಳಗೇ ಹಾಕಿಬಿಟ್ರಾ?”

ಅದು ಹಳೆಯ ಪೈಪಿಗೆ ಅಂಟಿಕೊಂಡಿತ್ತು. ಅಳಿಯ ಕಿತ್ತು ತೋರಿಸಿದ. ಇವರು “ಹೂಂ” ಎಂದರು. ಆ ಹೂಂ ಒಪ್ಪಿಗೆಯದಲ್ಲ ಎಂದು ನನಗೆ ಗೊತ್ತು.

ಎಂಜಿನ್ ಓಡಿಸಿ ನೋಡಿದರೆ ಒಂದು ಹನಿಯೂ ಇಲ್ಲ. ಆಮೇಲೆ ಅಳಿಯ ಮಗಳ ಉಗುರುಬಣ್ಣ ಕೇಳಿ ತಂದು, ಬೋಲ್ಟಿನ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ನೆಟ್ಟಗೆ ಒಂದು ಕೆಂಪು ಗೆರೆ ಎಳೆದ. ದರ್ಜಿ ತಾನೇ, ಗುರುತು ಹಾಕದೆ ಕೈ ನಿಲ್ಲದು. ಬೋಲ್ಟು ಅಲ್ಲಾಡಿದರೆ ಗೆರೆ ಮುರಿಯುತ್ತದೆ ಎಂದ.

ಊಟ ಮುಗಿಸಿ ಎಲ್ಲರೂ ಅಡ್ಡಾದೆವು. ಎದ್ದು ಚಹಾ ಕೊಟ್ಟಾಗ ನೋಡುತ್ತೇನೆ, ಲೋಟ ಹಿಡಿದ ಇವರ ಉಗುರಿನ ಸಂದಿಯಲ್ಲಿ ಕಪ್ಪು ಜಿಡ್ಡು. ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆದ ಕೈ ಅದು. ಅಡ್ಡಾಗಿದ್ದಾಗ ಇವರ ಗೊರಕೆ ಕೇಳಿಸದಿದ್ದದ್ದೂ ಆಗ ನೆನಪಾಯಿತು. ಹೊರಗೆ ಹೋಗಿ ಬಾನೆಟ್ ಎತ್ತಿದೆ. ಬೋಲ್ಟಿನ ಮೇಲಿನ ಗೆರೆ ಬಲಕ್ಕೆ ಸರಿದಿತ್ತು.

ಎಲ್ಲರನ್ನೂ ಕರೆದೆ.

“ನೋಡಿದ್ರಾ, ಆಗ್ಲೇ ಅಲ್ಲಾಡಿದೆ! ನಾನು ಹೇಳ್ಲಿಲ್ವಾ?” ಎಂದರು ಇವರು, ಎಲ್ಲರಿಗಿಂತ ಮೊದಲು.

“ಸಡಿಲ ಆಗಿದ್ರೆ ಎಡಕ್ಕೆ ಹೋಗ್ಬೇಕಿತ್ತು ರೀ. ಕಾರು ತನ್ನಷ್ಟಕ್ಕೆ ತಾನೇ ಬಿಗಿ ಮಾಡ್ಕೊಳ್ಳುತ್ತಾ? ಎಲ್ಲಿ, ಉಗುರು ತೋರ್ಸಿ,” ಎಂದೆ.

ಇವರು ಕೈಯನ್ನು ಬೆನ್ನ ಹಿಂದೆ ಒಯ್ದರು. “ಒಂಚೂರು... ಸುಮ್ನೆ ಒಂಚೂರು ಬಿಗಿ ಮಾಡ್ದೆ, ಅಷ್ಟೇ.”

ಲಾರಿ ಬೋಲ್ಟು ಬಿಗಿದು ಪಳಗಿದ ಕೈಗೆ ಒಂಚೂರು ಎಂದರೆ ಎಷ್ಟು ಎಂದು ದೇವರೇ ಹೇಳಬೇಕು. ಅಳಿಯ ಬೋಲ್ಟು ಬಿಚ್ಚಿ ಒರೆಸಿ, ಬೆಳಕಿಗೆ ಹಿಡಿದ. ಕತ್ತಿನ ಸುತ್ತ ಕೂದಲೆಳೆಯಷ್ಟು ಬಿರುಕು.

“ಗುಡ್ಡ ಇಳೀವಾಗ ಇದು ಮುರಿದಿದ್ರೆ, ಅಪ್ಪಾ?” ಎಂದಳು ಮಗಳು.

ಇವರ ಮುಖ ಬಿಳಿಚಿಕೊಂಡಿತು. ನನಗೆ ಸಿಟ್ಟು, ಅಯ್ಯೋ ಎನಿಸುವ ಮರುಕ, ಎರಡೂ ಒಟ್ಟಿಗೇ ಬಂದವು. ಅಳಿಯ ಜೇಬಿಗೆ ಕೈ ಹಾಕಿ ಇನ್ನೊಂದು ಹೊಸ ಬೋಲ್ಟು ತೆಗೆದ. ಜೊತೆಗೆ ಎರಡು ವಾಷರ್.

ಇವರು ಅದನ್ನೇ ನೋಡುತ್ತಾ ನಿಂತರು. “ಇನ್ನೊಂದು ಯಾಕೆ ತಂದಿದ್ರಿ?”

ಅಳಿಯ ಬೋಲ್ಟಿಗೆ ವಾಷರ್ ಪೋಣಿಸತೊಡಗಿದ.

“ಆ ಗೆರೆ ಎಳೆದದ್ದು ಬೋಲ್ಟಿನ ಮೇಲೆ ಕಣ್ಣಿಡೋಕಾ, ನನ್ನ ಮೇಲಾ?”

“ಎರಡರ ಮೇಲೂ, ಮಾವ,” ಎಂದ ಅಳಿಯ, ತಲೆ ತಗ್ಗಿಸದೆ.

ಇವರು ಕೂಗಾಡಲಿಲ್ಲ. ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ, ಕಾರಿಗೆ ಬೆನ್ನು ಹಾಕಿ ಕುಳಿತರು. ಮತ್ತೆ ಕ್ಲಿಕ್ ಎಂದ ಶಬ್ದ ಕೇಳಿ, ಎಂಜಿನ್ ಓಡಿ, ಹೊಸ ಗೆರೆ ಬಿದ್ದ ಮೇಲೆಯೇ ಎದ್ದದ್ದು. ಸ್ಪ್ಯಾನರುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಕೀಲಿ ನನ್ನ ಕೈಗಿಟ್ಟರು.

“ಬೆಳಿಗ್ಗೆ ಅವಳು ಹೊರಡೋ ತನಕ ಕೊಡ್ಬೇಡ ಕಣೇ. ನಾನೇ ಕೇಳಿದ್ರೂ.”

ರಾತ್ರಿ ಊಟಕ್ಕೆ ತಟ್ಟೆ ಹಾಕುವಷ್ಟರಲ್ಲೇ ಬಂದು ಕೇಳಿದರು. ನಾನು ಕೊಡಲಿಲ್ಲ.