ಬಿಳ್ಯಾನ ಕಣ್ಣೀರು

ಗಂಡ ಗಿರಿಯಪ್ಪ ತೀರಿಕೊಂಡ ಮೇಲೆ ಭರಮವ್ವನ ಜೊತೆ ಅಳುವ ಜೀವವೆಂದರೆ ಅವನು ಸಾಕಿದ ಬಿಳಿ ನಾಯಿ ಬಿಳ್ಯಾ ಒಂದೇ. ಬಿಳ್ಯಾನ ಎರಡೂ ಕಣ್ಣುಗಳ ಕೆಳಗೆ ಕಣ್ಣೀರಿನ ಕೆಂಗಂದು ಕಲೆ ಗೆರೆಯಾಗಿ ಇಳಿದಿತ್ತು. ಮಗ, ಸೊಸೆ ಆಗಲೇ ನಗುನಗುತ್ತ ಓಡಾಡುತ್ತಿದ್ದರು.

"ನಾಯಿಗೆ ಇರೋ ನಿಯತ್ತು ನಿಮಗಿಲ್ಲ ನೋಡ್ರಿ," ಎಂದು ಭರಮವ್ವ ಅವರನ್ನು ಬೈಯುತ್ತಿದ್ದಳು.

ಬ್ಯಾಡಗಿ ಪೇಟೆಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದವಳು, ಸೀರೆ ಬದಲಿಸುವ ಮೊದಲೇ ಬಿಳ್ಯಾನನ್ನು ತೊಡೆಯ ಮೇಲೆಳೆದುಕೊಂಡು ಸೆರಗಿನಿಂದ ಅದರ ಕಣ್ಣೊರೆಸುವಳು.

ಕಣ್ಣು ಊದಿಕೊಂಡು ಮುಚ್ಚಿದಾಗ ದನದ ಡಾಕ್ಟರ ಹತ್ತಿರ ಒಯ್ದಳು.

"ಯಜಮಾನನ್ನ ನೆನಸಿ ಅಳತೈತ್ರಿ ಸಾಹೇಬ್ರ," ಎನ್ನುತ್ತ ಸೆರಗಿನಿಂದ ಅದರ ಕಣ್ಣೊರೆಸಿದಳು.

ಡಾಕ್ಟರು ಅವಳ ಸೆರಗು ಮುಟ್ಟಿ ನೋಡಿ ಸೀನಿದರು. "ಇದು ದುಃಖ ಅಲ್ರಿ ಯವ್ವಾ, ಖಾರ. ಈ ಸೆರಗು ತಾಗಿಸಬ್ಯಾಡ್ರಿ. ಕೈ ತೊಳಕೊಂಡು, ಕಾಸಿ ಆರಿಸಿದ ನೀರಾಗ ಹತ್ತಿ ಅದ್ದಿ ಒರಸ್ರಿ. ಆಮ್ಯಾಲೆ ಕೂದಲಾ ಒಣಗಿಸ್ರಿ."

ಹಾಗೇ ಮಾಡಿದಳು. ಬರಬರುತ್ತ ಕಲೆ ಮಾಸಿ ಮುಖ ಬೆಳ್ಳಗಾಯಿತು. ಬಿಳ್ಯಾ ಈಗ ಮಗ, ಸೊಸೆಯ ಸುತ್ತ ಬಾಲ ಅಲ್ಲಾಡಿಸುತ್ತ ಕುಣಿಯತೊಡಗಿತು. ಮನೆಯಲ್ಲಿ ಅಳುವವಳು ಭರಮವ್ವ ಒಬ್ಬಳೇ ಉಳಿದಳು.

ಒಂದು ಸಂಜೆ ಪೇಟೆಯಿಂದ ಬಂದು ಕೂತವಳ ಬಳಿಗೆ ಬಿಳ್ಯಾ ಓಡಿ ಬಂತು. ಮನಸ್ಸು ಬೇಡವೆಂದರೂ ಅವಳ ಕೈ ಖಾರದ ಸೆರಗಿನ ತುದಿ ಹಿಡಿಯಿತು.

ನಾಯಿ ನಂಬಿ ಮುಖ ಎತ್ತಿತು.